ಎರಡನೆಯ ಆಟ ಸಿಗದ ಅಕ್ಕೋರು

ಅಕ್ಕೋರ ಮೇಲಿನ ನನ್ನ ಸಿಟ್ಟು ಅವರು ತೀರಿಕೊಂಡ ಮೇಲೂ ಇಳಿದಿಲ್ಲ. ಮೊನ್ನೆ ಮುಧೋಳಕ್ಕೆ ಅವರ ಮಣ್ಣಿಗೆ ಹೋಗಿದ್ದೆ. ಬಂದವರೆಲ್ಲ ಅವರ ಶಿಸ್ತಿನ ಬಗ್ಗೆ, ಭೂಗೋಳದ ಪಾಠದ ಬಗ್ಗೆ, ಸೀಮೆಸುಣ್ಣ ಎತ್ತದೆ ಒಂದೇ ಗೆರೆಯಲ್ಲಿ ಹಲಗೆಯ ಮೇಲೆ ಬಿಡಿಸುತ್ತಿದ್ದ ಆಫ್ರಿಕಾದ ನಕಾಶೆಯ ಬಗ್ಗೆ ಮಾತಾಡುತ್ತಿದ್ದರು. ನಾನು ಕಟ್ಟೆಯ ಮೂಲೆಯಲ್ಲಿ ಕೂತು ಒಳಗೊಳಗೇ ಹಲ್ಲು ಕಡಿಯುತ್ತಿದ್ದೆ. ನಾಲ್ಕು ಕಂಪ್ಯೂಟರ್ ಆಟಗಳಿದ್ದವು, ಒಂದೇ ಒಂದು ಆಡಿ ಹೊರಟುಹೋದರಲ್ಲ ಈ ಹಟಮಾರಿ ಹೆಂಗಸು ಎಂದು. ಅಂಥ ಹೊತ್ತಿನಲ್ಲಿ ಅದನ್ನು ಯಾರ ಮುಂದೆ ಹೇಳಿಕೊಳ್ಳುವುದು? ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನದು ಜಮಖಂಡಿಯಲ್ಲಿ ಕಂಪ್ಯೂಟರ್ ಮಾರುವ, ರಿಪೇರಿ ಮಾಡುವ ಸಣ್ಣ ಅಂಗಡಿ. ಊರು ಅಲ್ಲೇ ಪಕ್ಕದ ಹುನ್ನೂರ. ಅಕ್ಕೋರು ಮುಧೋಳದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದವರು. ಮದುವೆಯಾಗಿರಲಿಲ್ಲ. ನಿವೃತ್ತಿಗೆ ಇನ್ನು ಕೆಲವೇ ವರ್ಷ ಇದೆ ಎನ್ನುವಾಗ ಶಿಕ್ಷಕರೆಲ್ಲ ಕಂಪ್ಯೂಟರ್ ಕಲಿಯಬೇಕು ಎಂದು ತರಬೇತಿ ಕೊಟ್ಟರಂತೆ. ಉಳಿದವರು ಸಹಿ ಮಾಡಿ, ಚಹಾ ಕುಡಿದು ಮನೆಗೆ ಹೋದರು. ಇವರು ಮಾತ್ರ ಕಲಿತದ್ದು ಅರ್ಧಕ್ಕೆ ನಿಲ್ಲಬಾರದೆಂದು ಜಮಖಂಡಿಗೆ ಬಂದು ನನ್ನ ಅಂಗಡಿಯಲ್ಲಿ ಒಂದು ಕಂಪ್ಯೂಟರ್ ಕೊಂಡರು. ಅವರು ಕೊಳ್ಳುವ ರೀತಿಯೇ ಬೇರೆ. ಪೆಟ್ಟಿಗೆ ಬಿಚ್ಚಿಸಿ, ಪ್ರತಿ ವೈರಿನ ಹೆಸರು ಕೇಳಿ, ಅದು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ನನ್ನಿಂದ ಉತ್ತರ ಒಪ್ಪಿಸಿಕೊಂಡರು. ನಾನು ಒಂದು ಕಡೆ ತಡವರಿಸಿದ್ದಕ್ಕೆ, "ಮತ್ತೊಮ್ಮೆ ಮೊದಲಿಂದ ಹೇಳು," ಎಂದರು. ಅಂಗಡಿಯಲ್ಲಿ ಬೇರೆ ಗಿರಾಕಿಗಳಿದ್ದರು. ಆದರೂ ಮೊದಲಿಂದ ಹೇಳಿದೆ.

ಆಗೆಲ್ಲ ಕಂಪ್ಯೂಟರ್ ಕೊಂಡವರಿಗೆ ಒಂದಿಷ್ಟು ಹಾಡು, ಎರಡು ಮೂರು ಆಟ ತುಂಬಿಕೊಡುವುದು ನಮ್ಮ ಧಂದೆಯ ರೂಢಿ. ಅಕ್ಕೋರಿಗೆ ಆಟ ಯಾಕೆ ಎಂದು ಯೋಚಿಸದೆ, ಕೈಗೆ ಸಿಕ್ಕದ್ದನ್ನು ತುಂಬಿದೆ. ಅದರಲ್ಲೊಂದು ಕಡಲ್ಗಳ್ಳರ ಆಟ. ಒಂದು ಮುರುಕಲು ಹಡಗು ಕೊಡುತ್ತಾರೆ, ದ್ವೀಪದಿಂದ ದ್ವೀಪಕ್ಕೆ ಹೋಗಬೇಕು, ವ್ಯಾಪಾರ ಮಾಡಬೇಕು ಇಲ್ಲವೇ ಸುಲಿಯಬೇಕು, ಗಾಳಿ ನೋಡಿ ಹಾಯಿ ಬಿಚ್ಚಬೇಕು. ಜಮಖಂಡಿಯ ಹುಡುಗರಿಗೆ ಅದು ಸೇರುತ್ತಿರಲಿಲ್ಲ. ಅವರಿಗೆ ಕಾರು ಓಡಬೇಕು, ಬಂದೂಕು ಸಿಡಿಯಬೇಕು. ಹಡಗು ಒಂದು ದ್ವೀಪ ಮುಟ್ಟುವಷ್ಟರಲ್ಲಿ ಅವರ ತಾಳ್ಮೆ ಮುಗಿಯುತ್ತಿತ್ತು.

ಒಂದು ವಾರಕ್ಕೆ ಅಕ್ಕೋರ ಫೋನು ಬಂತು. "ತಮ್ಮಾ, ಇದರೊಳಗ ಗಾಳಿ ಖರೇನ ಐತಿ. ಈಶಾನ್ಯದಿಂದ ಬೀಸಾಕತ್ತೈತಿ. ನಾ ಮೂವತ್ತ ವರ್ಷ ವಾಣಿಜ್ಯ ಮಾರುತ ಅಂತ ಪಾಠ ಮಾಡೀನಿ, ಒಂದ್ ದಿನಾ ಅದು ಬೀಸಿದ್ದ ನೋಡಿರಲಿಲ್ಲ."

ಸಮುದ್ರವನ್ನೂ ಅವರು ನೋಡಿರಲಿಲ್ಲ. ಸಾಲೆಯಿಂದ ಗೋವಾಕ್ಕೆ ಪ್ರವಾಸ ಹೊರಟಾಗಲೆಲ್ಲ ಹೆಡ್‌ಮಾಸ್ತರರು ಬೇರೆ ಟೀಚರನ್ನು ಕಳಿಸುತ್ತಿದ್ದರಂತೆ. ಅಕ್ಕೋರು ಜೊತೆಗೆ ಬಂದರೆ ಮಕ್ಕಳು ಖುಷಿಯಾಗಿರುವುದಿಲ್ಲ ಎಂದು. ಇದನ್ನು ಅವರೇ ನನಗೆ ಹೇಳಿದ್ದು. ಹೇಳುವಾಗ ಬೇಸರವೇನೂ ಇರಲಿಲ್ಲ. "ಹೌದಲ್ಲ, ನಾ ಹೋಗಿದ್ರ ಅಲ್ಲೂ ಸಾಲಾಗಿ ನಿಂದರಸ್ತಿದ್ದೆ," ಎಂದರು.

ಅವರು ಆಡುವುದನ್ನು ನೋಡಬೇಕಿತ್ತು. ಕುರ್ಚಿಯಲ್ಲಿ ನೆಟ್ಟಗೆ ಕೂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಡಗೈಯಲ್ಲಿ ಸಾಲೆಯ ಅಡಿಪಟ್ಟಿ ಹಿಡಿದಿರುತ್ತಿದ್ದರು. ಅದರಿಂದ ತೆರೆಯ ಮೇಲೆ ದಿಕ್ಕು ಅಳೆಯುತ್ತಿದ್ದರು. ತೋಪು ಹಾರಿಸುವಾಗ ಎದ್ದು ನಿಲ್ಲುತ್ತಿದ್ದರು. ಆಟ ತೆರೆದುಕೊಳ್ಳಲು ತಡವಾದರೆ, ಗದ್ದಲದ ಕ್ಲಾಸು ತಣ್ಣಗಾಗಲೆಂದು ಕಾಯುವವರಂತೆ ಕೈಕಟ್ಟಿ ಅದನ್ನೇ ದುರುಗುಟ್ಟಿ ನೋಡುತ್ತಿದ್ದರು. ಮೊದಲ ಒಂದು ವರ್ಷ ಒಂದು ಹಡಗನ್ನೂ ಸುಲಿಯಲಿಲ್ಲ. ಬರೀ ಸಕ್ಕರೆ ತುಂಬಿಕೊಂಡು ಒಂದು ದ್ವೀಪದಿಂದ ಇನ್ನೊಂದಕ್ಕೆ ಸಾಗಿಸಿದರು. "ಮುಧೋಳದಾಗೂ ಸಕ್ರಿ, ಇಲ್ಲೂ ಸಕ್ರಿ, ಏನ್ ಹಣೇಬರಹರಿ ಅಕ್ಕೋರ ನಿಮ್ದು," ಎಂದು ಚೇಷ್ಟೆ ಮಾಡಿದರೆ ನಗುತ್ತಿರಲಿಲ್ಲ. ಆಮೇಲೆ ಒಂದು ದಿನ ಅಂಗಡಿಗೆ ಫೋನು ಮಾಡಿ, ದನಿ ತಗ್ಗಿಸಿ, "ಇವತ್ತ ಒಂದ್ ಹಡಗ ಸುಲದೆ," ಎಂದರು. "ಹೆಂಗನಸ್ತ್ರಿ?" ಎಂದೆ. "ಛಲೋ ಅನಸ್ತು," ಎಂದು ಫೋನು ಇಟ್ಟುಬಿಟ್ಟರು.

ಅಕ್ಕೋರು ಆ ಆಟದಲ್ಲಿ ಮುಳುಗಿದ್ದು ಕಂಡು, ಇದಕ್ಕೆ ಮುಂದಿನ ಭಾಗಗಳೂ ಇವೆ ಎಂದು ಬಾಯಿ ತಪ್ಪಿ ಹೇಳಿದೆ. ನನ್ನ ಕಷ್ಟ ಶುರುವಾದದ್ದು ಅಲ್ಲಿಂದ. ಎಷ್ಟು ಭಾಗ, ಯಾರು ಮಾಡಿದರು, ಯಾವುದು ಮೊದಲು, ಯಾವುದು ಆಮೇಲೆ, ಎಲ್ಲವೂ ಬೇಕೆಂದರು. ನಾನು ಇಂಟರ್ನೆಟ್ಟಿನಲ್ಲಿ ತಡಕಾಡಿ ತಿಳಿದುಕೊಂಡು ಹೋದೆ. ಬರಬರುತ್ತ ಹೊಸದು ಬಂದಾಗಲೆಲ್ಲ ಮತ್ತೆ ವರದಿ ಒಪ್ಪಿಸಬೇಕಾಗುತ್ತಿತ್ತು. ಚಳಿ ದೇಶದ ಒಂದು ಸಣ್ಣ ಕಂಪನಿ ಮೊದಲನೆಯದನ್ನು ಮಾಡಿತು. ಎರಡನೆಯದನ್ನು ಅರ್ಧ ಮಾಡಿದ್ದಾಗ ಕಡಲ್ಗಳ್ಳರ ಒಂದು ದೊಡ್ಡ ಸಿನಿಮಾ ಬರುವುದಿತ್ತು, ದುಡ್ಡಿನವರು ಬಂದು ಆ ಸಿನಿಮಾದ ಹೆಸರನ್ನೇ ಆಟಕ್ಕೆ ಅಂಟಿಸಿದರು. ಹಾಗಾಗಿ ಎರಡನೆಯದರ ಮೇಲೆ ಎರಡು ಎಂದು ಇಲ್ಲವೇ ಇಲ್ಲ. ಮೂರನೆಯದಕ್ಕೆ ಸಿನಿಮಾದ ಹೆಸರೂ ಇಲ್ಲ, ಹಳೆಯ ಹೆಸರೂ ಇಲ್ಲ, ಬೇರೆಯೇ ಒಂದು ಹೆಸರು. ಆದರೆ ಕತೆ ಮಾತ್ರ ಮೊದಲನೆಯದರ ನಾಯಕನ ಮಗ, ಮಗಳದು. ಇನ್ನು ನಾಲ್ಕನೆಯದಕ್ಕೆ ಮೂರನೆಯದರ ಹೆಸರನ್ನೇ ಇಟ್ಟು ಪಕ್ಕದಲ್ಲಿ ೨ ಎಂದು ಹಾಕಿದರು.

ಅಕ್ಕೋರು ಕನ್ನಡಕ ತೆಗೆದರು. "ನಾಲ್ಕನೇದಕ್ಕ ಎರಡು?"

"ಹೌದ್ರಿ."

"ಎರಡನೇದಕ್ಕ ನಂಬರ ಇಲ್ಲ?"

"ಇಲ್ರಿ."

"ಯಾಂವ ಎಣಿಸಿದಾಂವ ಇದನ್ನ? ಅವಂಗ ಒಂದನೇ ಇಯತ್ತೆ ಕಲಿಸಿದವರು ಯಾರು?"

ಅಷ್ಟು ಸಿಟ್ಟು ಒಂದು ಆಟಕ್ಕೆ ಯಾಕೆ ಎಂದು ನನಗೆ ಆಗ ಅರ್ಥವಾಗಲಿಲ್ಲ. ಬಹಳ ದಿನಗಳ ಮೇಲೆ ಒಮ್ಮೆ ತಮ್ಮ ಊರಿನ ಮಾತು ತೆಗೆದರು. ಅವರದು ಗಲಗಲಿಯಿಂದ ಕೆಳಗೆ, ಬೀಳಗಿ ತಾಲೂಕಿನಲ್ಲಿ, ಕೃಷ್ಣೆಯ ದಂಡೆಯ ಒಂದು ಹಳ್ಳಿ. ಆಲಮಟ್ಟಿಯ ಹಿನ್ನೀರು ಬಂದು ಊರು ಮುಳುಗಿತು. ಮುಳುಗಿದ್ದರ ಬಗ್ಗೆ ಅವರು ಹೆಚ್ಚು ಮಾತಾಡಲಿಲ್ಲ. ಹೊಸ ಊರಿನಲ್ಲಿ ಜಾಗ ಹಂಚಿದ ರೀತಿಯ ಬಗ್ಗೆ ಮಾತ್ರ ಅವರಿಗೆ ತಡೆಯಲಾಗದ ಸಿಟ್ಟು. ಹಳೆಯ ಓಣಿಯ ಮನೆಗಳು ಹೇಗಿದ್ದವೋ ಹಾಗೆ ಕೊಡಲಿಲ್ಲ. ಹಾಲುಮತದವರ ಓಣಿ ನಾಲ್ಕು ಚೂರಾಯಿತು, ಬೀರೇಶ್ವರನ ಗುಡಿ ಒಂದು ತುದಿಗೆ, ಪೂಜಾರಿಯ ಮನೆ ಇನ್ನೊಂದು ತುದಿಗೆ. ಅಕ್ಕೋರ ಅವ್ವ ಬೆಳಿಗ್ಗೆ ಎದ್ದು ಮಗ್ಗುಲ ಮನೆಯವಳ ಹೆಸರು ಹಿಡಿದು ಕೂಗಿದರೆ ಗುರುತಿಲ್ಲದ ಯಾರೋ ಹೊರಗೆ ಬಂದು ನೋಡುತ್ತಿದ್ದರಂತೆ. "ಮನಿ ಹೋಗ್ಲಿ ತಮ್ಮಾ, ನೀರ ಬಂತು, ಹೋತು. ಒಂದರ ಮಗ್ಗಲದಾಗ ಒಂದ ಇದ್ದದ್ದನ್ನ ಹಂಗ ಇಡಾಕ ಏನ್ ಧಾಡಿ ಆಗಿತ್ತು? ಅದಕ್ಕೇನ್ ಖರ್ಚಿತ್ತೇನು?" ಎಂದರು. ಹಿನ್ನೀರನ್ನು ಅವರು ಒಮ್ಮೆಯೂ ನೋಡಲು ಹೋಗಲಿಲ್ಲ. ಬಾಗಲಕೋಟೆಗೆ ಹೋಗುವ ಬಸ್ಸಿನಲ್ಲಿ ಆ ನೀರು ಕಾಣುವ ಕಡೆ ಕೂರುತ್ತಿರಲಿಲ್ಲ.

ಇದೆಲ್ಲ ಗೊತ್ತಿಲ್ಲದ ನಾನು ನಾಲ್ಕನೆಯ ಆಟದ ವಿಶೇಷ ಹೇಳಲು ಹೋಗಿದ್ದೆ. ಅದರಲ್ಲಿ ಸಮುದ್ರದ ನಡುವೆ ಒಂದು ಊರಿದೆ. ಒಡೆದ ಹಡಗು, ಬಿಟ್ಟುಹೋದ ಹಡಗು, ಎಲ್ಲವನ್ನೂ ಒಂದಕ್ಕೊಂದು ಬಿಗಿದು, ಹಲಗೆ ಹಾಸಿ, ಅದರ ಮೇಲೆಯೇ ಜನ ಸಂಸಾರ ಮಾಡಿಕೊಂಡಿದ್ದಾರೆ. ಕೆಳಗೆ ನೀರು, ಮೇಲೆ ಓಣಿ, ಅಂಗಡಿ, ಗುಡಿ.

"ನೀರಿನ ಮ್ಯಾಲ ಊರು?" ಅಕ್ಕೋರು ಅಡಿಪಟ್ಟಿ ಕೆಳಗಿಟ್ಟರು. "ಮುಳುಗಂಗಿಲ್ಲಾ?"

"ತೇಲ್ತಾದ್ರಿ. ಅದರಾಗ ಏನಂದ್ರ..."

"ಹೇಳಬ್ಯಾಡ. ನಾನ ನೋಡತೀನಿ. ಒಂದಾದ ಮ್ಯಾಲ ಒಂದು. ಮೊದಲ ಇದು ಮುಗೀಲಿ."

ಆ ಊರು ನೋಡಬೇಕೆಂಬ ಆಸೆ ಅವರ ತಲೆಯಲ್ಲಿ ಅವತ್ತು ಕೂತದ್ದು ಮತ್ತೆ ಏಳಲಿಲ್ಲ. ಆದರೆ ಮುಧೋಳದ ಕರೆಂಟು ನಿಮಗೆ ಗೊತ್ತಲ್ಲ. ಸಮುದ್ರದ ಮೇಲೆ ಜಗಳ ನಡೆಯುವಾಗ ಆ ಆಟದಲ್ಲಿ ಆಡಿದ್ದನ್ನು ಉಳಿಸಿಡಲು ಬರುತ್ತಿರಲಿಲ್ಲ. ಗೆಲ್ಲುವ ಹೊತ್ತಿಗೆ ಕರೆಂಟು ಹೋಗುತ್ತಿತ್ತು. ನಾನು ಹಾಕಿಕೊಟ್ಟ ಬ್ಯಾಟರಿ ಪೆಟ್ಟಿಗೆ ಕುಂಯ್ ಕುಂಯ್ ಎಂದು ಅತ್ತು ಸಾಯುತ್ತಿತ್ತು. ಅಕ್ಕೋರು ಮತ್ತೆ ಹಿಂದಿನ ಬಂದರಿನಿಂದ ಶುರು ಮಾಡುತ್ತಿದ್ದರು. ಇದರಲ್ಲೇ ವರ್ಷಗಳು ಹೋದವು. ಅವರು ನಿವೃತ್ತರಾದರು. ಅದರ ಬೆನ್ನಿಗೇ ಕಣ್ಣಿನ ತೊಂದರೆ ಕಾಣಿಸಿಕೊಂಡಿತು. ಕಣ್ಣಿನ ನರ ಒಣಗುತ್ತಿದೆ, ಹೋದ ದೃಷ್ಟಿ ಮರಳುವುದಿಲ್ಲ, ಉಳಿದದ್ದನ್ನು ಎಷ್ಟು ದಿನ ಹಿಡಿದಿಟ್ಟುಕೊಳ್ಳಬಹುದೋ ನೋಡೋಣ ಎಂದು ಬಾಗಲಕೋಟೆಯ ಡಾಕ್ಟರರು ಹೇಳಿದ್ದನ್ನು ಅಕ್ಕೋರು ನನಗೆ ಪಾಠ ಹೇಳಿದ ಹಾಗೆಯೇ ಹೇಳಿದರು. ಆಮೇಲೆ, "ನಾಲ್ಕನೇದ್ ಮುಟ್ಟೂ ತನಕ ಇದ್ರ ಸಾಕು," ಎಂದರು.

ನನಗೆ ಮೈಯೆಲ್ಲ ಉರಿಯಿತು. "ಅಕ್ಕೋರ, ಎರಡೂ ಮೂರೂ ಬಿಡ್ರಿ. ನಾಲ್ಕನೇದ್ ಹಾಕಿಕೊಡ್ತೀನಿ. ಆ ಊರ ನೋಡ್ರಿ. ಉಳದದ್ದ ಆಮ್ಯಾಲ."

"ಅಪ್ಪನ ಕತಿ ಮುಗಿದಿಲ್ಲ, ಮಕ್ಕಳ ಕತಿ ಗೊತ್ತಿಲ್ಲ. ನಡುವ ಎರಡ ಇಯತ್ತೆ ಜಿಗಿಸಿ ನಾಲ್ಕಕ್ಕ ಕೂಡಿಸಿದ್ರ ಆ ಊರಿಗೆ ನಾ ಯಾರಾಗಿ ಹೋಗ್ಲಿ?"

 ಸಿಟ್ಟಿನಲ್ಲಿ ಎದ್ದು ಬಂದೆ.

ಕೊನೆಗೂ ಮೊದಲನೆಯದು ಮುಗಿಯಿತು. ಮುಗಿಸಿದ ದಿನ ಓಣಿಗೆಲ್ಲ ಪೇಢೆ ಹಂಚಿದರು. ಯಾಕೆಂದು ಕೇಳಿದವರಿಗೆ, "ಒಂದ್ ಕೆಲಸ ಮುಗೀತು," ಎಂದಷ್ಟೇ ಹೇಳಿದರು. ಇನ್ನು ಎರಡನೆಯದು ಬೇಕು. ಅದು ಹಳೆಯದಾಗಿತ್ತು, ಎಲ್ಲೂ ಸಿಗುತ್ತಿರಲಿಲ್ಲ. ನಮ್ಮ ಇಂಟರ್ನೆಟ್ಟಿನ ವೇಗದಲ್ಲಿ ಅಷ್ಟು ದೊಡ್ಡದನ್ನು ಇಳಿಸಿಕೊಳ್ಳುವುದು ಕನಸಿನ ಮಾತು. ಬನಹಟ್ಟಿಯಲ್ಲಿ ನನಗೊಬ್ಬ ನೇಕಾರ ಗೆಳೆಯನಿದ್ದ. ನೂಲು ತರಲು ಸೋಲಾಪುರಕ್ಕೆ ಹೋಗುತ್ತಿದ್ದ. ಅವನ ಬೆನ್ನು ಬಿದ್ದೆ. ಪ್ರತಿ ಸಲ ನೂಲು ಬರುತ್ತಿತ್ತು, ಆಟ ಬರುತ್ತಿರಲಿಲ್ಲ. ಕಡೆಗೆ ಒಂದು ದಸರೆಯ ಮುಂದೆ, ನೂಲಿನ ಗಂಟಿನೊಳಗೆ ಬೆಚ್ಚಗೆ ಸುತ್ತಿಕೊಂಡು ಒಂದು ಡಬ್ಬಿ ಬಂತು. ಅದರ ಮೇಲೆ ಸಿನಿಮಾದ ಹೆಸರು, ಒಳಗೆ ನಿಜವಾದ ಎರಡನೆಯ ಆಟ. ಗೆಳೆಯನಿಗೆ ಕೈಮುಗಿದು ಅದೇ ದಿನ ಮುಧೋಳದ ಬಸ್ಸು ಹತ್ತಿದೆ.

ಅಕ್ಕೋರು ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಈಗಲೇ ಹಾಕಿಬಿಡೋಣ ಎಂದೆ. "ಖಂಡೇ ಪೂಜಿ ನಾಡದ ಐತಿ. ಪೂಜಿಗಿಟ್ಟು, ಬನ್ನಿ ಮುಡದ ಮ್ಯಾಲ ಚಾಲೂ ಮಾಡೂಣು," ಎಂದರು. ಹಾಗಾದರೆ ಒಂದು ಕಾಪಿಯನ್ನಾದರೂ ಮಾಡಿಟ್ಟುಕೊಳ್ಳುತ್ತೇನೆ, ಕೊಡಿ ಎಂದೆ. ಪೂಜೆಗೆ ಮೊದಲು ಹೊಸದನ್ನು ಒಡೆಯಬಾರದು ಎಂದರು. ನಾನು ವಾದ ಮಾಡಿದೆ, ಅವರು ಚಹಾಕ್ಕಿಟ್ಟರು. ಅವರ ಜೊತೆ ವಾದ ಮಾಡಿದರೆ ಸಿಗುವುದು ಚಹಾ ಮಾತ್ರ.

ಬನ್ನಿಯ ಮರುದಿನ ಹೋದೆ. ದೇವರ ಜಗುಲಿಯ ಮುಂದೆ ಮಣೆ, ಮಣೆಯ ಮೇಲೆ ಆಯುಧಪೂಜೆಗಿಟ್ಟ ಕುಡಗೋಲು, ಈಳಿಗೆ, ಅಡಿಪಟ್ಟಿ, ಕಂಪ್ಯೂಟರಿನ ಇಲಿ, ಅದರ ಪಕ್ಕದಲ್ಲಿ ಡಬ್ಬಿಯಿಂದ ಹೊರಗೆ ತೆಗೆದಿಟ್ಟ ಸಿ.ಡಿ. ಸಿ.ಡಿ. ಬೋರಲು ಬಿದ್ದಿತ್ತು. ಆಟ ತುಂಬಿದ, ಹೊಳೆಯುವ ಮೈ ಮೇಲಾಗಿ. ಆ ಮೈಯ ತುಂಬ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಅದರ ಮೇಲೊಂದು ಚೆಂಡು ಹೂವು.

"ಅಕ್ಕೋರ, ಇದೇನ್ ಮಾಡೀರಿ?"

"ಏನ್ ಮಾಡೀನಿ? ಪೂಜಿ."

"ಈ ಕಡೆ ಯಾಕ್ ಬಳದ್ರಿ?"

"ಆ ಕಡೆ ಬುರುಡಿ ಚಿತ್ರ ಐತಿ ತಮ್ಮಾ, ಎಲವು ಅದಾವು. ಅದಕ್ಕ ಯಾರಾರ ವಿಭೂತಿ ಹಚ್ಚತಾರೇನು? ಈ ಕಡೆ ಸ್ವಚ್ಛ ಇತ್ತು."

ರುಂಡಮಾಲೆ ಹಾಕಿಕೊಂಡ ಶಿವನನ್ನೇ ದಿನಾ ಪೂಜಿಸುವವರು ಒಂದು ಬುರುಡೆ ಚಿತ್ರಕ್ಕೆ ಹೇಸಿದರು ಎಂದು ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾನು ಮೆಲ್ಲಗೆ ತೊಳೆದು ಒರೆಸೋಣ ಎಂದುಕೊಳ್ಳುವಷ್ಟರಲ್ಲಿ, "ತಡಿ, ಒರಸತೀನಿ," ಎಂದು ಸೆರಗಿನಿಂದ ಗಸಗಸ ತಿಕ್ಕಿಬಿಟ್ಟರು. ವಿಭೂತಿಯ ಹರಳು ಆ ಮೈಯ ಮೇಲೆ ಗೀರಿದ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಸಿ.ಡಿ. ಹಾಕಿದೆ. ಅರ್ಧದವರೆಗೆ ಓದಿತು, ನಿಂತಿತು. ಮತ್ತೆ ಹಾಕಿದೆ, ಅಲ್ಲೇ ನಿಂತಿತು. ಬಾಳೆಹಣ್ಣಿನ ಸಿಪ್ಪೆ ಉಜ್ಜಿದೆ, ಹಲ್ಲಿನ ಪೇಸ್ಟು ಹಚ್ಚಿದೆ, ನಮ್ಮ ಧಂದೆಯ ಎಲ್ಲ ಮಂತ್ರ ತಂತ್ರ ಮಾಡಿದೆ. ಅಕ್ಕೋರು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು. ಕೊನೆಗೆ, "ನಂದ ತಪ್ಪು," ಎಂದರು. ಆ ಮಾತು ಅವರ ಬಾಯಿಂದ ನಾನು ಕೇಳಿದ್ದು ಅದೊಂದೇ ಸಲ. ಸಿಟ್ಟು ಮಾಡಿಕೊಳ್ಳುವ ಸುಖವನ್ನೂ ನನಗೆ ಉಳಿಸಲಿಲ್ಲ.

ಮತ್ತೆ ಹುಡುಕಾಟ. ಸೋಲಾಪುರದ ಅಂಗಡಿಯವನು ಅಂಗಡಿಯನ್ನೇ ಮುಚ್ಚಿದ್ದ. ಬನಹಟ್ಟಿಯ ಗೆಳೆಯ ಬೇರೆಯವರಿಗೆ ಹೇಳಿದ, ಅವರು ಇನ್ಯಾರಿಗೋ ಹೇಳಿದರು. ಬಹಳ ತಿಂಗಳ ಮೇಲೆ ಒಂದು ಡಬ್ಬಿ ಬಂತು. ಬಿಚ್ಚಿ ನೋಡಿದರೆ ಮೇಲೆ ದೊಡ್ಡದಾಗಿ ೨ ಎಂದಿದೆ. ಪಾಪ, ಗೆಳೆಯ ನಾನು ಎರಡನೆಯದು ಬೇಕು ಎಂದಿದ್ದಕ್ಕೆ ಎರಡು ಎಂದು ಬರೆದದ್ದನ್ನೇ ತರಿಸಿದ್ದ. ಅದು ನಾಲ್ಕನೆಯದು. ಅಕ್ಕೋರಿಗೆ ಫೋನಿನಲ್ಲಿ ಹೇಳಿದರೆ, ಆ ಕಂಪನಿಯವರಿಗೆ ಬೈದರು, ಗೆಳೆಯನಿಗೆ ಬೈಯಲಿಲ್ಲ. "ಇರ್ಲಿ, ಕಪಾಟದಾಗ ಇಡು. ಅದರ ಪಾಳಿ ಬಂದಾಗ ತಗಿಯೂಣು," ಎಂದರು.

ಎಲ್ಲಿಯ ಪಾಳಿ? ಹೊಸ ಕಂಪ್ಯೂಟರುಗಳಲ್ಲಿ ಹಳೆಯ ಎರಡನೆಯದು ಸಿಕ್ಕರೂ ಓಡುತ್ತದೋ ಇಲ್ಲವೋ ಎಂಬ ಅನುಮಾನ ನನಗಾಗಲೇ ಶುರುವಾಗಿತ್ತು. ಆ ನಡುವೆ ಅವರನ್ನು ನೋಡಲು ಹೋದಾಗಲೆಲ್ಲ ಕಂಪ್ಯೂಟರಿನ ಮೇಲೆ ಕೈಹೊಲಿಗೆಯ ಬಟ್ಟೆ ಹೊದಿಸಿರುತ್ತಿತ್ತು. ಕಣ್ಣು ಹೇಗಿದೆ ಎಂದರೆ, "ತುಸು ಮಬ್ಬ ಐತಿ, ಮೊದಲಿನ ಹಂಗ ಐತಿ," ಎನ್ನುತ್ತಿದ್ದರು. ಚಹಾ ಸೋಸುವಾಗ ಬಟ್ಟಲ ಹೊರಗೂ ಚೆಲ್ಲುತ್ತಿತ್ತು. ವಯಸ್ಸಾಯಿತು ಎಂದುಕೊಂಡೆ. ಇನ್ನು ಕಾಯುವುದು ಬೇಡ ಎಂದು ನಾನೇ ತೀರ್ಮಾನ ಮಾಡಿದೆ.

ನಾಲ್ಕನೆಯದನ್ನು ಅಂಗಡಿಯಲ್ಲಿ ಹಾಕಿಕೊಂಡು, ಯಾರೋ ಮುಂದಕ್ಕೆ ಆಡಿ ಉಳಿಸಿಟ್ಟಿದ್ದ ಭಾಗವನ್ನು ಇಂಟರ್ನೆಟ್ಟಿನಿಂದ ತಂದು, ನೇರವಾಗಿ ಆ ತೇಲುವ ಊರಿನ ನಡುವೆ ಹೋಗಿ ನಿಲ್ಲುವಂತೆ ಸಿದ್ಧ ಮಾಡಿಕೊಂಡೆ. ಒಂದು ಮಧ್ಯಾಹ್ನ ಮುಧೋಳಕ್ಕೆ ಹೋದೆ. ಕಂಪ್ಯೂಟರ್ ಸ್ವಚ್ಛ ಮಾಡುತ್ತೇನೆ ಎಂದು ಹೇಳಿ ಬಟ್ಟೆ ತೆಗೆದು, ಎಲ್ಲ ಜೋಡಿಸಿ, ಸದ್ದು ಬಂದ್ ಮಾಡಿ, ಆಟ ತೆರೆದೆ. ಊರು ಬಂತು. ಓಲಾಡುವ ಹಲಗೆಗಳು, ಹಡಗಿನ ಹೊಟ್ಟೆಯಲ್ಲಿ ಕೊರೆದ ಬಾಗಿಲುಗಳು, ಹಗ್ಗಕ್ಕೆ ಒಣಹಾಕಿದ ಬಟ್ಟೆ, ಮೇಲೆ ಬಿಸಿಲು. ನಿಜಕ್ಕೂ ಚೆನ್ನಾಗಿತ್ತು. ಅಕ್ಕೋರನ್ನು ಕರೆದು ಕುರ್ಚಿಯಲ್ಲಿ ಕೂಡಿಸಿದೆ.

"ಅಕ್ಕೋರ, ಸಿಟ್ಟಾಗಬ್ಯಾಡ್ರಿ. ನಾಲ್ಕನೇದ್ ಹಾಕೀನಿ. ಮುಂದ ಆ ಊರ ಐತಿ. ಒಮ್ಮೆ ನೋಡಿಬಿಡ್ರಿ."

ಅವರು ಫಕ್ಕನೆ ಕಣ್ಣು ಮುಚ್ಚಿಕೊಂಡರು. ರೆಪ್ಪೆ ಬಿಗಿದು, ಅದರ ಮೇಲೆ ಅಂಗೈಯನ್ನೂ ಒತ್ತಿ ಹಿಡಿದರು. "ಬಂದ್ ಮಾಡು."

"ಅಕ್ಕೋರ, ಒಂದ ಸಲ..."

"ಬಂದ್ ಮಾಡಂದ್ನೆಲ್ಲ."

ನಾನು ಮಾಡಲಿಲ್ಲ. ನನಗೂ ಹಟ ಬಂದಿತ್ತು. ಎಷ್ಟು ಹೊತ್ತು ಮುಚ್ಚಿಕೊಂಡಿರುತ್ತಾರೆ ನೋಡೋಣ ಎಂದು ಕೈಕಟ್ಟಿ ಸುಮ್ಮನೆ ನಿಂತೆ. ಅವರು ಕಾದರು. ನಾನೂ ಕಾದೆ. ಹೊರಗೆ ಕಬ್ಬಿನ ಟ್ರ್ಯಾಕ್ಟರೊಂದು ಹಾಡು ಹಚ್ಚಿಕೊಂಡು ಹೋಯಿತು. ನನ್ನ ಮೌನವನ್ನು ಅವರು ಒಪ್ಪಿಗೆ ಎಂದುಕೊಂಡರೋ ಏನೋ, ಅಂಗೈ ತೆಗೆದು ಕಣ್ಣು ಬಿಟ್ಟರು. ಊರು ಅವರ ಮುಖದ ಮುಂದೆಯೇ ಇತ್ತು. ಅದರ ಬಿಸಿಲು ಅವರ ಕೆನ್ನೆಯ ಮೇಲೂ ಬಿದ್ದಿತ್ತು. ಅವರು ಅದನ್ನೇ ನೆಟ್ಟಗೆ ನೋಡಿದರು.

"ಹಾಂ, ಹಿಂಗಿರಬೇಕ ನೋಡು," ಎಂದರು, ಹೇಳಿದ ಮಾತು ಕೇಳಿದ ವಿದ್ಯಾರ್ಥಿಗೆ ಹೇಳುವ ಹಾಗೆ. "ಇನ್ನೊಮ್ಮೆ ಹಿಂಗ ಮಾಡಬ್ಯಾಡ."

 ಅವರ ಕಣ್ಣಿನ ಮುಂದೆ ಕೈಯಾಡಿಸಿದೆ. ರೆಪ್ಪೆ ಮಿಸುಕಲಿಲ್ಲ. ಎಷ್ಟು ದಿನದಿಂದ ಹೀಗೆ? ಯಾರಿಗೂ ಹೇಳಿರಲಿಲ್ಲ. ಏನು ಮಾಡಬೇಕೆಂದು ತಿಳಿಯದೆ ಬಗ್ಗಿ ಗುಂಡಿ ಒತ್ತಿದೆ. ಕಂಪ್ಯೂಟರಿನ ಪಂಖ ಗೊರಗೊರ ಎನ್ನುವುದು ನಿಂತಿತು. ಆ ಸದ್ದು ನಿಂತದ್ದಕ್ಕೆ ಅಕ್ಕೋರು ತಲೆಯೆತ್ತಿದರು.

"ಈಗ ಬಂದ್ ಮಾಡಿದ್ಯಾ?"

"ಹೂಂನ್ರಿ."

"ಹಂಗಾರ ಇಷ್ಟೊತ್ತನಕಾ ಊರ ಮುಂದ ಇತ್ತು."

"ಇತ್ರಿ ಅಕ್ಕೋರ."

ಅವರ ಕೈ ಮೇಜಿನ ಮೇಲೆ ಅಡಿಪಟ್ಟಿಯನ್ನು ತಡಕಿ ಹುಡುಕಿತು, ಸಿಕ್ಕಿತು, ಅದನ್ನು ಮೇಜಿನ ಅಂಚಿಗೆ ಸರಿಯಾಗಿ ಹೊಂದಿಸಿ ಇಟ್ಟಿತು.

"ನಾ ಅಂತೂ ನೋಡಿಲ್ಲಲ್ಲ?"

"ಇಲ್ರಿ."

"ಆತು ಮತ್ತ. ಏನೂ ತಪ್ಪಿಲ್ಲ," ಎಂದರು. "ಎರಡನೇದ ಹುಡುಕು."